ರಜಾದ ಮೇಲಿರುವ ವಕೀಲರು

ಜಮಖಂಡಿ ಕೋರ್ಟಿನ ಎದುರಿನ ಚಹಾದಂಗಡಿಗೆ ಚಿದಾನಂದ ವಕೀಲರು ಈಗಲೂ ದಿನಾ ತಪ್ಪದೆ ಬರುತ್ತಾರೆ. ಕರೀ ಕೋಟು ಮಾತ್ರ ಮೈಮೇಲಿಂದ ತೋಳಿಗೆ ಇಳಿದಿದೆ. ತೇರದಾಳದ ಕಕ್ಷಿದಾರನೊಬ್ಬನಿಂದ ಹೆಬ್ಬೆಟ್ಟು ಒತ್ತಿಸಿಕೊಂಡು, ಅವನ ಹೊಲ ಅಡವಿಟ್ಟು ಸಾಲ ತೆಗೆದು, ತಮ್ಮ ಮನೆಗೆ ಮಾಳಿಗೆ ಏರಿಸಿದ್ದಕ್ಕೆ ವಕೀಲರ ಪರಿಷತ್ತು ಎರಡು ವರ್ಷ ಅವರ ವಕೀಲಿ ಸನದು ಅಮಾನತಿನಲ್ಲಿಟ್ಟಿದೆ. ಕೇಳಿದವರಿಗೆ ಅವರು, "ದಣಿವಾಗಿತ್ತು, ರಜಾ ಹಾಕೇನ್ರಿ" ಅನ್ನುತ್ತಾರೆ. ದೂರು ಕೊಟ್ಟವನ ಮೇಲೆ ಸಿಟ್ಟಿಲ್ಲ, ಬರೀ ಬೇಸರ: "ಹೊಲಾ ಎಲ್ಲಿ ಓಡಿ ಹೋಗಿತ್ರಿ? ಇದ್ದಲ್ಲೇ ಇತ್ತಲ್ಲ, ಕಬ್ಬೂ ಅಂವನೇ ಕಡದಾನ!" ಕಿಸೆಯಲ್ಲಿ ಶಾಯಿ ಡಬ್ಬಿ, ಬಾಯಲ್ಲಿ ಒಂದೇ ಮಂತ್ರ: "ಓದೂದೇನೈತಿ? ನಾ ಇದ್ದೇನಲ್ಲ, ಒತ್ತು." ಮುಧೋಳದಿಂದ ಬೀಳಗಿಯವರೆಗೆ ಈ ಮಾತಿಗೆ ಬಗ್ಗದ ಹೆಬ್ಬೆಟ್ಟಿರಲಿಲ್ಲ. ಮೊನ್ನೆ ಅವರ ತಾಯಿ ಶಿವವ್ವನ ಕಣ್ಣಿನ ಪೊರೆ ತೆಗೆಸಬೇಕಿತ್ತು. ಆಸ್ಪತ್ರೆಯ ಒಪ್ಪಿಗೆ ಕಾಗದ ಹಿಡಿದು, ಜನ್ಮದಲ್ಲಿ ಮೊದಲ ಸಲ ಯಾವ ಕರಾಮತ್ತೂ ಇಲ್ಲದೆ, ವಕೀಲರು ಡಬ್ಬಿ ತೆರೆದರು: "ಒತ್ತಬೇ ಯವ್ವಾ, ನಾ ಇದ್ದೇನಲ್ಲ." ಮುದುಕಿ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿ ಸೆರಗಿನಡಿ ಸೇರಿಸಿದಳು. "ತಡಿ ತಮ್ಮಾ, ನಿನ್ನ ಮಗಳು ಸಾಲಿಯಿಂದ ಬರಲಿ. ಆಕಿ ಓದಿ ಹೇಳಲಿ."