ಹೆಡ್‌ಫೋನ್ ನನ್ನ ಕಿವಿಯಲ್ಲಿತ್ತು

ಗಂಗಕ್ಕನ ತಾಳಿಯನ್ನು ಆ ಕೊಲ್ಲಿ ದೇಶದ ಸೂರ್ ಊರಿನ ಕಡಲು ನುಂಗಲಿಲ್ಲ. ಅದು ನನ್ನ ಹತ್ತಿರ ಇದೆ. ಇಷ್ಟು ವರ್ಷವೂ ಇತ್ತು — ಹುಡುಕಿಕೊಡುತ್ತೇನೆ ಅಂತ ಹೋದ ನನ್ನ ಹತ್ತಿರವೇ.

ನೀವು ಕೆಲವರು ಕಾಮೆಂಟಿನಲ್ಲಿ ಕೇಳುತ್ತಿರುತ್ತೀರಿ, ಅಣ್ಣ, ಕಡಿಮೆ ಖರ್ಚಿನಲ್ಲಿ ಮೆಟಲ್ ಡಿಟೆಕ್ಟರ್ ಹವ್ಯಾಸ ಶುರು ಮಾಡುವುದು ಹೇಗೆ ಅಂತ. ನಾನು ಶುರು ಮಾಡಿದ್ದು ಹೀಗೆ. ಕಚ್ಚಾ ತೈಲದ ಬೆಲೆ ಬಿದ್ದು, ಗುರುವಾರ ಬಂತೆಂದರೆ ಯಾರ ಕೈಗೆ ಕೆಲಸ ಬಿಡಿಸುವ ಪತ್ರವೋ ಎಂದು ಇಡೀ ಕಂಪನಿ ಹೆದರುತ್ತಿದ್ದ ಕಾಲ. ಕೆಲಸ ಹೋಗಿ ಊರಿಗೆ ಹೊರಟಿದ್ದ ಫಿಲಿಪ್ಪೀನ್ಸ್‌ನವನೊಬ್ಬ ತನ್ನ ಹಳೇ ಯಂತ್ರ ನನಗೆ ಕೊಟ್ಟುಹೋದ. ಸ್ಪೀಕರ್ ಕೆಟ್ಟಿತ್ತು, ಹೆಡ್‌ಫೋನ್ ಹಾಕಿದವನಿಗೆ ಮಾತ್ರ ಶಬ್ದ. ಅಗೆಯಲು ಮಕ್ಕಳ ಪ್ಲಾಸ್ಟಿಕ್ ಸಲಿಕೆ, ಸೋಸಲು ಅಡುಗೆಮನೆಯ ಜರಡಿ. ಜೊತೆಗೆ ಈರಣ್ಣ, ಗದಗ ಕಡೆಯವರು, ನಮ್ಮದೇ ಕಂಪನಿಯ ಟೆಕ್ನಿಶಿಯನ್. ಕೋಟೆ-ಗೀಟೆ ಕಡೆ ಹೋಗುತ್ತಿರಲಿಲ್ಲ, ಜನ ಪಿಕ್ನಿಕ್ ಮಾಡುವ ಕಡಲತೀರ ಸಾಕಿತ್ತು. ನಾನು ಕೇಳುವುದು, ಅವರು ಅಗೆಯುವುದು, ಸಿಕ್ಕಿದ್ದು ಇಬ್ಬರಿಗೂ.

ಹಾಗಂತ ಮಾತು. ಆದರೆ ಕಿವಿ ನನ್ನದು ತಾನೆ? ಒಳ್ಳೆಯ ಶಬ್ದ ಬಂದರೆ ಬಾಟ್ಲಿ ಮುಚ್ಚಳ ಅನ್ನುತ್ತಿದ್ದೆ. ಜಾಗ ನೆನಪಿಟ್ಟು ಮರುದಿನ ಒಬ್ಬನೇ ಹೋಗಿ ತೆಗೆಯುತ್ತಿದ್ದೆ — ನಾಣ್ಯ, ಒಂದು ವಾಚು, ಒಂದು ಬೆಳ್ಳಿ ಉಂಗುರ. ಈರಣ್ಣ ನಗುತ್ತಿದ್ದರು: "ಸಾಕ್ರಿ ದಿನೇಶಣ್ಣಾ, ನಾವಿಬ್ರೂ ಕೂಡಿ ಮುಚ್ಚಳದ ಅಂಗಡಿನ ತಗಿಯೋಣು." ನಾನೂ ನಗುತ್ತಿದ್ದೆ.

ಒಂದು ಶುಕ್ರವಾರ ಅವರ ಹೆಂಡತಿ ಗಂಗಕ್ಕ ಅಲೆಯಲ್ಲಿ ಆಡಿ ಮನೆಗೆ ಹೋಗಿ ನೋಡಿದರೆ ಕೊರಳು ಬರಿದು. ಸರದ ಕೊಂಡಿ ಬಿಟ್ಟಿತ್ತು. ಆ ಸಂಜೆಯೇ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡರು. ಶನಿವಾರ ಬೆಳಿಗ್ಗೆ ಈರಣ್ಣ, ತಾವು ಕೂತಿದ್ದ ಮರಳಿನ ಮೇಲೆ ಹಗ್ಗ ಎಳೆದು ಪಟ್ಟಿ ಪಟ್ಟಿಯಾಗಿ ಭಾಗ ಮಾಡಿದರು. ಮೂರನೇ ಪಟ್ಟಿಯಲ್ಲಿ ಶಬ್ದ ಬಂತು, ಸ್ಪಷ್ಟವಾಗಿ. ಈರಣ್ಣ ಸಲಿಕೆ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

"ಮುಚ್ಚಳ ಮಾರಾಯ್ರೆ. ಮುಂದೆ ಹೋಗುವ."

ಹಾಗೆ ಯಾಕೆ ಅಂದೆ? ರೂಢಿ — ಇಲ್ಲ, ರೂಢಿ ಅಂದರೆ ತಪ್ಪನ್ನು ನಾಲಿಗೆಯ ಮೇಲೆ ಹಾಕಿದ ಹಾಗೆ. ಅದೇ ಇರಬಹುದು ಅಂತ ಅನ್ನಿಸಿತ್ತು. ಅನ್ನಿಸಿದರೂ ಅಂದೆ.

ಭಾನುವಾರ ಅಲ್ಲಿ ಕೆಲಸದ ದಿನ; ಕೆಲಸಕ್ಕೆ ಮೊದಲು ಹೋಗಿ ಅಗೆದೆ. ಅದೇ. ಎರಡು ತಾಳಿ, ಕರಿಮಣಿಯ ನಡುವೆ ಮರಳು. ಆಗಲೇ ಓಡಿಹೋಗಿ ಕೊಡಬೇಕಿತ್ತು. ಆದರೆ ಎಲ್ಲಿ ಸಿಕ್ಕಿತು, ಒಬ್ಬರೇ ಯಾಕೆ ಹೋದಿರಿ ಅಂತ ಕೇಳುತ್ತಾರೆ. ಆಮೇಲೆ ಹಳೆಯ ಮುಚ್ಚಳಗಳೂ ಒಂದೊಂದಾಗಿ... ಅದಕ್ಕೆ ಒಂದು ಉಪಾಯ ಹೂಡಿದೆ. ಮುಂದಿನ ಶುಕ್ರವಾರ, ಹುಡುಕದೆ ಉಳಿದ ಪಟ್ಟಿಯಲ್ಲಿ ಹೂತಿಟ್ಟು ಈರಣ್ಣನ ಕೈಯಿಂದಲೇ ತೆಗೆಸುವುದು. ಹುಡುಕಿಕೊಟ್ಟ ಪುಣ್ಯಾತ್ಮ ಅನ್ನಿಸಿಕೊಳ್ಳುವ ಆಸೆಯೂ ಇತ್ತು, ಸುಳ್ಳು ಯಾಕೆ?

ಗುರುವಾರ ಈರಣ್ಣನ ಕೈಗೆ ಪತ್ರ ಬಂತು. ಅವರು ಮತ್ತೆ ಕಡಲಿನ ಕಡೆ ಬರಲಿಲ್ಲ. ಗಂಗಕ್ಕ ನನ್ನೆದುರೇ ಅಂದರು, "ನನ್ನ ಕೊರಳಾಗಿಂದ ಅದು ಹೋದ ವಾರಾನ ಇವರ ನೌಕರಿ ಹೋತು. ನನ್ನಿಂದನ ಆಗಿದ್ದಿದು."

ತಾಳಿ ಕಳೆದಿಲ್ಲ ಅಕ್ಕ, ಇಲ್ಲಿದೆ — ಇಷ್ಟು ಹೇಳಿದ್ದರೆ ಆ ಹೆಂಗಸು ತನ್ನನ್ನು ತಾನು ಬೈದುಕೊಳ್ಳುವುದು ಅಲ್ಲಿಗೇ ನಿಲ್ಲುತ್ತಿತ್ತು. ನಾನು, ಹಾಗೆಲ್ಲ ಅಂದುಕೊಳ್ಳಬೇಡಿ ಅಂದೆ. ಅಷ್ಟೇ ಅಂದೆ. ಹದಿನೈದು ದಿನಕ್ಕೆ ಅವರ ಅಲ್ಲಿಯ ವಾಸ ಖಲಾಸ್. ಅರಿಶಿನದ ಕೊಂಬಿನಲ್ಲೇ ಅವರು ವಿಮಾನ ಹತ್ತಿದರು. ಏರ್‌ಪೋರ್ಟಿಗೆ ಬಿಟ್ಟುಬಂದವನು ನಾನು.

ಇವತ್ತು ಬೆಳಿಗ್ಗೆ ಈರಣ್ಣನಿಗೆ ಫೋನ್ ಮಾಡಿದೆ. ಅವರಿಗೆ ಹೇಳದೆ ನಿಮಗೆ ಹೇಳುವ ಹಕ್ಕು ನನಗಿಲ್ಲ. ಎಲ್ಲ ಹೇಳಿ, ತಾಳಿ ಹಿಡಿದುಕೊಂಡು ಗದಗಕ್ಕೆ ಬರುತ್ತೇನೆ ಅಂದೆ. ಅವರು "ಆಕಿಗೆ ನೀವ ಹೇಳ್ರಿ" ಅಂದು ಫೋನ್ ಕೊಟ್ಟರು. ಮತ್ತೆ ಮೊದಲಿನಿಂದ ಹೇಳಿದೆ. ಗಂಗಕ್ಕ ಬೈಯಲಿಲ್ಲ. ಒಂದೇ ಕೇಳಿದರು.

"ಇವರ ನೌಕರಿ ಹೋದಮ್ಯಾಲೆ ಅಷ್ಟೂ ದಿನ ನಮ್ಮ ಮನ್ಯಾಗ ಉಂಡ್ರಲ್ಲಣ್ಣಾ. ನಾ ನೀಡುವಾಗ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು ಅಕ್ಕ" ಅಂದೆ.