ಅಕ್ಕ ತುಂಬಿಸಿದ ಸೈಕಲ್ ಚೀಲ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾವ ಹೊತ್ತಿಗೆ ನೋಡಿದರೂ ಯಾರಾದರೊಬ್ಬರು ಮಲಗಿರುತ್ತಿದ್ದರು. ಅಪ್ಪನಿಗೆ ಬಣ್ಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ನಾವು ಬಸ್ಸು ಹತ್ತುವ ಹೊತ್ತಿಗೆ ಬಂದು, ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗಿಬಿಡುತ್ತಿದ್ದರು. ಅಮ್ಮ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿಗೆ ಬೆಳಕು ಹರಿಯುವ ಮೊದಲೇ ಜೊತೆಯವರ ಕಾರಿನಲ್ಲಿ ಹೊರಡುತ್ತಿದ್ದಳು. ಸಂಜೆ ಬಂದವಳು ಒಂದು ಶೂ ಬಿಚ್ಚಿ, ಇನ್ನೊಂದನ್ನು ಬಿಚ್ಚುವಷ್ಟರಲ್ಲಿ ಸೋಫಾದ ಮೇಲೆ ತೂಕಡಿಸುತ್ತಿದ್ದಳು. ನಾನೂ ಅಕ್ಕನೂ ಪಿಸುದನಿಯಲ್ಲಿ ಜಗಳವಾಡುವುದನ್ನು ಕಲಿತುಬಿಟ್ಟಿದ್ದೆವು.

ಈ ದೇಶಕ್ಕೆ ಬಂದು ನಾವು ನೆಲೆಸಿದ್ದ ಓಲ್ಡ್ ಬ್ರಿಡ್ಜ್ ಊರಿನ ಆ ಅಪಾರ್ಟ್‌ಮೆಂಟಿನಲ್ಲಿ ಆ ವರ್ಷ ನಮಗೆಲ್ಲ ಇದ್ದ ದೊಡ್ಡ ಚಿಂತೆ ಅಕ್ಕನ ವಯೊಲಿನ್. ಅವಳು ಹೈಸ್ಕೂಲಿನ ಆರ್ಕೆಸ್ಟ್ರಾಕ್ಕೆ ಸೇರಿದ್ದಳು. ಅಭ್ಯಾಸ ಶುರುವಾಗುತ್ತಿದ್ದುದು ಸ್ಕೂಲ್ ಬಸ್ಸು ಬರುವುದಕ್ಕಿಂತ ಮೊದಲು. ಆ ಹೊತ್ತಿನಲ್ಲಿ ಅಮ್ಮ ಹೊರಟುಹೋಗಿರುತ್ತಿದ್ದಳು, ಅಪ್ಪ ಇನ್ನೂ ಬಂದಿರುತ್ತಿರಲಿಲ್ಲ. ಅಕ್ಕನನ್ನು ಬಿಡುವವರೇ ಇರಲಿಲ್ಲ. ಅಭ್ಯಾಸ ತಪ್ಪಿ ತಪ್ಪಿ, ಕೊನೆಗೆ ಸಂಗೀತದ ಮೇಷ್ಟ್ರು ಮುಂದಿನ ಸೋಮವಾರದಿಂದ ದಿನವೂ ಬರುವುದಾದರೆ ಬಾ, ಇಲ್ಲದಿದ್ದರೆ ನಿನ್ನ ಜಾಗ ಇನ್ನೊಬ್ಬರಿಗೆ ಎಂದುಬಿಟ್ಟಿದ್ದರು. ಅಕ್ಕ ಅತ್ತಿರಲಿಲ್ಲ. ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದಳು.

ಅಪ್ಪ ಬೇಡವೆಂದೇ ಹೇಳಿದರು. ಅವರು ದಾವಣಗೆರೆಯಲ್ಲಿ ಬೆಳೆದವರು. ಅಲ್ಲಿ ಬೀದಿಗೊಂದು ಸೈಕಲ್ ಶಾಪು, ಎಲ್ಲಿ ಕೆಟ್ಟರೂ ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋದರೆ ಆಯಿತು. ಇಲ್ಲಿ ರಸ್ತೆಯ ಎರಡೂ ಕಡೆ ಹುಲ್ಲು, ಬೇಲಿ, ಭರ್ರನೆ ಹೋಗುವ ಟ್ರಕ್ಕುಗಳು. ನಡುದಾರಿಯಲ್ಲಿ ಪಂಕ್ಚರ್ ಆದರೆ ಯಾರನ್ನು ಕೇಳುತ್ತೀಯ ಎಂದು ಅವರು ಕೇಳಿದ್ದಕ್ಕೆ ಅಕ್ಕ, ಯಾರನ್ನೂ ಕೇಳುವುದಿಲ್ಲ, ನಾನೇ ಹಾಕುತ್ತೇನೆ ಎಂದಳು. ಎರಡು ದಿನ ಯೋಚಿಸಿ ಅಪ್ಪ ಒಂದು ಷರತ್ತು ಹಾಕಿದರು. ಭಾನುವಾರ ಅಕ್ಕ ಶಾಲೆಯವರೆಗೆ ಸೈಕಲ್ ಹೊಡೆಯಬೇಕು, ಅಪ್ಪ ಕಾರಿನಲ್ಲಿ ಹಿಂದೆ ಬರುತ್ತಾರೆ. ದಾರಿಯಲ್ಲಿ ಏನು ಕೆಟ್ಟರೂ ಯಾರ ಸಹಾಯವನ್ನೂ ಪಡೆಯದೆ, ತಾನು ಒಯ್ದ ಸಾಮಾನಿನಿಂದಲೇ ಸರಿಮಾಡಿಕೊಳ್ಳಬೇಕು. ಏನೂ ಕೆಡದಿದ್ದರೆ ಎಂದು ನಾನು ಕೇಳಿದೆ. "ಕೆಡಿಸೋಕೆ ನಾನಿದ್ದೀನಲ್ಲ," ಎಂದರು ಅಪ್ಪ.

ಆ ವಾರವೆಲ್ಲ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿತ್ತು. ಅಪ್ಪನ ಹಳೆಯ ಪ್ಯಾಂಟಿನ ಕಾಲಿನಿಂದ ಅಕ್ಕ ಒಂದು ಚೀಲ ಹೊಲಿದಿದ್ದಳು, ಸೀಟಿನ ಕೆಳಗೆ ಕಟ್ಟುವಂಥದ್ದು. ಬೆನ್ನಿಗೆ ವಯೊಲಿನ್, ಮುಂದೆ ಪುಸ್ತಕ, ಹಾಗಾಗಿ ಚೀಲ ಗೇಣಿಗಿಂತ ಉದ್ದ ಇರುವಂತಿರಲಿಲ್ಲ. ಅದರೊಳಗೆ ಏನು ಹೋಗಬೇಕು, ಏನು ಬೇಡ ಎನ್ನುವುದೇ ಅವಳ ತಲೆಬಿಸಿ. ಯಾರೋ ಮನೆ ಮುಂದೆ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಿಂದ ತಂದಿದ್ದ ತುಕ್ಕುಹಿಡಿದ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ ಮನೆಯೆಲ್ಲ ಕಬ್ಬಿಣ ಮತ್ತು ಹಳೆಯ ಎಣ್ಣೆಯ ವಾಸನೆ. ಬಾಯಿ ಹಿಗ್ಗಿಸಬಹುದಾದ ಒಂದು ದೊಡ್ಡ ಸ್ಪ್ಯಾನರ್ ಎಲ್ಲ ನಟ್ಟಿಗೂ ಹೊಂದುತ್ತಿತ್ತು, ಆದರೆ ಒರಳುಗುಂಡಿನಷ್ಟು ಭಾರ. ಇಕ್ಕಳ ಬೇಡ, ಅದು ನಟ್ಟಿನ ಮೂಲೆ ಸವೆಸುತ್ತದೆ. ಮೇಜು ಕುರ್ಚಿ ಜೋಡಿಸಲು ಕೊಟ್ಟಿದ್ದ, ಬಾಗಿದ ಕಬ್ಬಿಣದ ಕಡ್ಡಿಯಂಥ ಅಲೆನ್ ಕೀಗಳಲ್ಲಿ ಒಂದು ಸೀಟಿನ ಬೋಲ್ಟಿಗೆ ಸರಿಯಾಗಿ ಕೂತಿತು. ಟೈರಿನ ಅಂಚು ಎಬ್ಬಿಸಲು ಅಮ್ಮನ ಎರಡು ಗಟ್ಟಿ ಚಮಚ. ಪಂಕ್ಚರ್ ಹಾಕುವ ಪ್ಯಾಚ್, ಸಲ್ಯೂಷನ್ ಅಂಟು ಇದ್ದ ಪುಟ್ಟ ಡಬ್ಬಿ ಚೀಲದ ತಳಕ್ಕೆ. ಅಕ್ಕ ಒಂದೊಂದನ್ನೂ ಎತ್ತಿಕೊಂಡು ಹೋಗಿ ಸೈಕಲ್ಲಿಗೆ ಹಿಡಿದು ನೋಡಿ ಬರುತ್ತಿದ್ದಳು. ಸೈಕಲ್ಲಿನ ಯಾವುದಕ್ಕಾದರೂ ಹೊಂದಿದರೆ ಮಾತ್ರ ಚೀಲಕ್ಕೆ. ಎರಡು ಕೆಲಸಕ್ಕೆ ಬಂದರೆ ಅದಕ್ಕೆ ಮೊದಲ ಜಾಗ.

ಇದೆಲ್ಲದರ ನಡುವೆ ಅಪ್ಪನ ಸ್ಪ್ಯಾನರ್ ಒಂದಿತ್ತು. ದಾವಣಗೆರೆಯಿಂದ ಸೂಟ್‌ಕೇಸಿನಲ್ಲಿ, ಚಟ್ನಿಪುಡಿ ಡಬ್ಬಿಯ ಪಕ್ಕದಲ್ಲಿ ಕೂತು ಬಂದದ್ದು. ಚಪ್ಪಟೆ ಕಬ್ಬಿಣ, ಒಂದು ತುದಿಯಲ್ಲಿ ಚಿಕ್ಕ ದೊಡ್ಡ ತೂತುಗಳು, ಇನ್ನೊಂದು ತುದಿ ನಾಲಿಗೆಯಂತೆ ತೆಳ್ಳಗೆ. "ಒಂದೇ ಸ್ಪ್ಯಾನರ್, ಇಡೀ ಸೈಕಲ್," ಎನ್ನುತ್ತಿದ್ದರು ಅಪ್ಪ. ಅವರ ಊರಿನ ಸೈಕಲ್ಲಿಗೆ ಅದು ನಿಜವೇ ಇದ್ದಿರಬೇಕು. ಅಕ್ಕನ ಸೈಕಲ್ಲಿನ ನಟ್ಟುಗಳಿಗೆ ಮಾತ್ರ ಒಂದು ತೂತು ಬಿಗಿ, ಪಕ್ಕದ್ದು ಸಡಿಲ. ಅಕ್ಕ ಅದನ್ನು ನೋಡಿಕೊಂಡಳು, ಆದರೆ ಹೇಳಲಿಲ್ಲ. ಅಪ್ಪ ಕೆಲಸಕ್ಕೆ ಹೊರಡುವ ಮುನ್ನ ಆ ಸ್ಪ್ಯಾನರನ್ನು ಚೀಲಕ್ಕೆ ಹಾಕಿ ಹೋಗುತ್ತಿದ್ದರು. ಅವರು ಹೋದ ಮೇಲೆ ಅಕ್ಕ ತೆಗೆದು ಡ್ರಾಯರಿಗೆ ಹಾಕುತ್ತಿದ್ದಳು. ಮಾರನೆಯ ದಿನ ಮತ್ತೆ ಅದೇ. ಗಾಲಿಯ ನಟ್ಟಿಗೆಂದು ಅಕ್ಕ ಡಬ್ಬಿಯಿಂದ ಎರಡು ಬಾಯಿಯ ಪುಟ್ಟ ಸ್ಪ್ಯಾನರ್ ಒಂದನ್ನು ಆರಿಸಿಕೊಂಡಿದ್ದಳು.

ನಮ್ಮ ಮನೆಯಲ್ಲಿ ಹಬ್ಬಗಳು ಪಂಚಾಂಗದ ದಿನಕ್ಕೆ ಬರುತ್ತಿರಲಿಲ್ಲ, ಅಮ್ಮನ ರಜೆಯ ದಿನಕ್ಕೆ ಬರುತ್ತಿದ್ದವು. ಆ ವರ್ಷದ ಆಯುಧಪೂಜೆ ಶನಿವಾರಕ್ಕೆ ಬಂತು. ಅಮ್ಮ ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ ಕಾರಿನ ಕೀ, ಈಳಿಗೆಮಣೆ, ಕತ್ತರಿ, ವಯೊಲಿನ್ ಎಲ್ಲ ಜೋಡಿಸಿದಳು. ಅಕ್ಕನ ಚೀಲವನ್ನೂ ಬಿಚ್ಚಿ, ತಳದ ಪ್ಯಾಚ್ ಡಬ್ಬಿಯೊಂದನ್ನು ಬಿಟ್ಟು ಒಳಗಿದ್ದದ್ದನ್ನೆಲ್ಲ ಸಾಲಾಗಿಟ್ಟು, ಡ್ರಾಯರಿನಲ್ಲಿದ್ದ ಅಪ್ಪನ ಸ್ಪ್ಯಾನರನ್ನು ನಡುವೆ ಇಟ್ಟಳು. ಅರಿಶಿನ, ಕುಂಕುಮ, ಅಂಗಡಿಯಿಂದ ಕೊಂಡು ತಂದ ಕುಂಡದಲ್ಲಿ ಕಿತ್ತ ಹಳದಿ ಸೇವಂತಿಗೆ. ಕರ್ಪೂರ ಹಚ್ಚುವ ಮೊದಲು ನಾನು ಕುರ್ಚಿ ಹತ್ತಿ ಹೊಗೆ ಕಂಡರೆ ಕಿರುಚುವ ಸ್ಮೋಕ್ ಅಲಾರ್ಮಿಗೆ ಪ್ಲಾಸ್ಟಿಕ್ ಚೀಲ ಕಟ್ಟುವುದು ವಾಡಿಕೆ. ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಗಾಲಿಗೂ ಸೈಕಲ್ ಗಾಲಿಗೂ ನಿಂಬೆಹಣ್ಣಿಟ್ಟೆವು. ಅಪ್ಪನ ಪಾಳಿಗೆ ಬೇಕಾದ ಕಾರಿನ ಕೀ ಒಂದನ್ನು ಬಿಟ್ಟು ಪೂಜೆಗಿಟ್ಟ ಯಾವ ಆಯುಧವನ್ನೂ ಆ ದಿನ ಮುಟ್ಟುವಂತಿಲ್ಲ ಎಂದು ಅಮ್ಮ ಹೇಳಿದ್ದರಿಂದ ಅಕ್ಕ ಚೀಲ ತುಂಬಿಸದೆಯೇ ಮಲಗಿದಳು.

ಭಾನುವಾರ ನಾವು ಏಳುವಷ್ಟರಲ್ಲಿ ಅಮ್ಮ ಮಣೆ ಎತ್ತಿ, ಎಲ್ಲವನ್ನೂ ಅದರದರ ಜಾಗಕ್ಕೆ ಸೇರಿಸಿ ಕೆಲಸಕ್ಕೆ ಹೋಗಿದ್ದಳು. ಅಕ್ಕನ ಚೀಲ ಸೀಟಿನ ಕೆಳಗೆ ಗಟ್ಟಿಯಾಗಿ ಕಟ್ಟಿತ್ತು. ಮುಟ್ಟಿ ನೋಡಿದಾಗ ಒಳಗೆ ಕಬ್ಬಿಣ ಸಿಕ್ಕಿತು, ಅಕ್ಕ ಬಿಚ್ಚಿ ನೋಡಲಿಲ್ಲ. ಪಾಳಿ ಮುಗಿಸಿ ಬಂದ ಅಪ್ಪ ಒಂದು ಲೋಟ ಕಾಫಿ ಕುಡಿದು, ಮಲಗದೆಯೇ ಮತ್ತೆ ಕಾರು ಹತ್ತಿದರು. ನಾನು ಕೊಡುಬಳೆ ಪೊಟ್ಟಣ ಹಿಡಿದು ಹಿಂದೆ ಕೂತೆ.

ತಣ್ಣನೆಯ ಬೆಳಗು. ಉದುರಿದ ಎಲೆಗಳ ಒದ್ದೆ ವಾಸನೆ ಕಾರಿನೊಳಗೂ ಬರುತ್ತಿತ್ತು. ಅಕ್ಕ ಬೆನ್ನಿಗೆ ವಯೊಲಿನ್ ಕಟ್ಟಿಕೊಂಡು ಏರು ಹತ್ತುತ್ತಿದ್ದಳು, ನಮ್ಮ ಕಾರು ದೀಪ ಮಿನುಗಿಸುತ್ತಾ ಆಮೆಯಂತೆ ಹಿಂದೆ. ಅರ್ಧ ದಾರಿಯಲ್ಲಿ ಒಂದು ಬ್ಯಾಂಕು, ಭಾನುವಾರ ಮುಚ್ಚಿರುತ್ತಿತ್ತು. ಅದರ ಖಾಲಿ ಪಾರ್ಕಿಂಗ್ ಲಾಟಿಗೆ ಬಾ ಎಂದು ಅಪ್ಪ ಹಾರ್ನ್ ಮಾಡಿದರು. ಇಳಿದು, ಅಂಗಿಯ ಜೇಬಿನಿಂದ ಅಮ್ಮನ ಸೀರೆಯ ಸೇಫ್ಟಿ ಪಿನ್ ತೆಗೆದು, ಹಿಂದಿನ ಟೈರಿಗೆ ಚುಚ್ಚಿದರು. ಸುಸ್ಸೆಂದು ಗಾಳಿ ಹೋಯಿತು. ಚೈನಿರುವ ಹಿಂದಿನದೇ ಯಾಕೆ ಎಂದು ಅಕ್ಕ ಕೇಳಿದಳು. "ಪರೀಕ್ಷೇಲಿ ಸುಲಭದ ಪ್ರಶ್ನೆ ಯಾರು ಕೊಡ್ತಾರೆ?" ಎಂದು ಹೇಳಿ ಅಪ್ಪ ಕಾರಿನೊಳಗೆ ಹೋಗಿ ಕೂತರು. ಅವರ ತಲೆ ಸೀಟಿಗೆ ಒರಗಿತು, ಬಾಯಿ ತೆರೆಯಿತು. ಪರೀಕ್ಷೆ ಮಾಡುವವರು ನಿದ್ದೆ ಹೋದರು.

ಅಕ್ಕ ಚೀಲ ಬಿಚ್ಚಿದಳು. ಪ್ಯಾಚ್ ಮತ್ತು ಸಲ್ಯೂಷನ್ ಇದ್ದ ಡಬ್ಬಿ ತಳದಲ್ಲೇ ಇತ್ತು. ಅದರ ಮೇಲೆ, ಕುಂಕುಮ ಮೆತ್ತಿಕೊಂಡ ಅಪ್ಪನ ಸ್ಪ್ಯಾನರ್. ಬೇರೇನೂ ಇಲ್ಲ. ಅಮ್ಮ ಚಮಚಗಳನ್ನು ಅಡುಗೆಮನೆಗೆ, ಮಿಕ್ಕ ಚೂರುಪಾರುಗಳನ್ನು ತುಕ್ಕಿನ ಡಬ್ಬಿಗೆ ಹಾಕಿ, ತನ್ನ ಕಣ್ಣಿಗೆ ಆಯುಧವೆಂದು ಕಂಡ ಒಂದನ್ನು ಮಾತ್ರ ಚೀಲಕ್ಕೆ ಸೇರಿಸಿದ್ದಳು.

ಅಕ್ಕ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಅಪ್ಪನನ್ನು ಎಬ್ಬಿಸಲೇ ಎಂದೆ. ಬೇಡವೆಂದಳು. ಸ್ಪ್ಯಾನರನ್ನು ಗಾಲಿಯ ನಟ್ಟಿಗೆ ಹಾಕಿ ತಿರುಗಿಸಿದಳು. ಜಾರಿತು. ಮತ್ತೆ ಹಾಕಿದಳು, ಜಾರಿ ಬೆರಳಿನ ಗೆಣ್ಣು ತರಚಿತು. ಕಟ್ಟೆಯ ಮೇಲೆ ಕೂತು ಬೆರಳು ಬಾಯಲ್ಲಿಟ್ಟುಕೊಂಡಳು. ಅವಳ ಮುಖದಲ್ಲೂ ಅಮ್ಮನ ಸಂಜೆಯ ಮುಖವೇ ಕಾಣಿಸಿತು ನನಗೆ.

ಆಗ ಒಂದು ಪಿಕಪ್ ಟ್ರಕ್ಕು ಬಂದು ನಿಂತಿತು. ಟೋಪಿ ಹಾಕಿದ ಮುದುಕರೊಬ್ಬರು ಇಳಿದು, ಹಿಂದಿನ ಟೂಲ್ ಬಾಕ್ಸ್ ತೆರೆದು, ಯಾವ ಅಳತೆಯ ಸ್ಪ್ಯಾನರ್ ಬೇಕು ಎಂದು ಕೇಳಿದರು. ಒಳಗೆ ಸ್ಪ್ಯಾನರುಗಳು ಸಾಲಾಗಿ ಹೊಳೆಯುತ್ತಿದ್ದವು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಆ ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ಥ್ಯಾಂಕ್ಯೂ ಸರ್, ಬಟ್ ಐ ಕಾಂಟ್. ಇಟ್ಸ್ ಎ ಟೆಸ್ಟ್," ಎಂದಳು.

ಅವರು ಕಾರಿನೊಳಗೆ ಗೊರಕೆ ಹೊಡೆಯುತ್ತಿದ್ದ ಅಪ್ಪನನ್ನು ನೋಡಿದರು. "ದಟ್ ಯುವರ್ ಟೀಚರ್?"

"ಮೈ ಡ್ಯಾಡ್."

"ಟಫ್ ಸ್ಕೂಲ್," ಎಂದು ಪೆಟ್ಟಿಗೆ ಮುಚ್ಚಿ ಹೊರಟುಹೋದರು.

ಟ್ರಕ್ಕು ಮರೆಯಾದ ಮೇಲೆ ಅಕ್ಕ ಸೈಕಲ್ಲನ್ನು ಮಗ್ಗುಲಾಗಿ ಮಲಗಿಸಿದಳು. ಗಾಲಿ ಬಿಚ್ಚುವುದನ್ನೇ ಕೈಬಿಟ್ಟಳು. ಜಡೆಯ ರಿಬ್ಬನ್ ಬಿಚ್ಚಿ, ಸ್ಪ್ಯಾನರಿನ ತೆಳ್ಳನೆಯ ತುದಿಗೆ ಸುತ್ತಿ, ಟ್ಯೂಬಿಗೆ ಗೀರು ಬೀಳದಂತೆ ಅದನ್ನು ಟೈರಿನಡಿ ತೂರಿಸಿ ಚಮಚದ ಹಾಗೆ ಎತ್ತಿದಳು. ಟೈರಿನ ಒಂದು ಅಂಚು ಹೊರಗೆ ಬಂತು. ಬೆರಳು ಹಾಕಿ ಟ್ಯೂಬನ್ನು ಅಷ್ಟಷ್ಟೇ ಎಳೆದಳು. ಸೈಕಲ್ಲಿನ ಕಂಬಿಗೆ ಸಿಕ್ಕಿಸಿದ್ದ ಪಂಪು ಹೊಡೆಯುವುದು ನನ್ನ ಕೆಲಸವಾಗಬಹುದಿತ್ತು, ಆದರೆ ಅವಳು ಮುಟ್ಟಗೊಡಲಿಲ್ಲ. ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು, ತಣ್ಣಗೆ ಗಾಳಿ ತಾಗಿದ ಜಾಗಕ್ಕೆ ಎಂಜಲು ಹಚ್ಚಿದಳು. ಗುಳ್ಳೆ ಬಂತು. ಉಜ್ಜಿ, ಸಲ್ಯೂಷನ್ ಸವರಿ, ಊದಿ ಆರಿಸಿ, ಪ್ಯಾಚ್ ಒತ್ತಿ ಹಿಡಿದಳು. ಸಲ್ಯೂಷನ್ನಿನ ಆ ಘಾಟು, ಎಣ್ಣೆ, ಕುಂಕುಮ, ಎಲ್ಲ ಸೇರಿದ ವಾಸನೆ ಅವಳ ಕೈಯಿಂದ ಬರುತ್ತಿತ್ತು. ಟೈರನ್ನು ಮತ್ತೆ ಒಳಗೆ ಕೂರಿಸುವುದಕ್ಕೆ ಸ್ಪ್ಯಾನರ್ ಹಾಕಲಿಲ್ಲ, ಹೆಬ್ಬೆರಳಿನಿಂದಲೇ ಒತ್ತಿದಳು. ಹೆಬ್ಬೆರಳುಗಳು ಬೆಳ್ಳಗಾದವು. ಕೊನೆಯ ಗೇಣುದ್ದ ಕೂರಲೇ ಇಲ್ಲ. ಬಿಟ್ಟಳು, ಉಸಿರು ತೆಗೆದುಕೊಂಡಳು, ಮತ್ತೆ ಒತ್ತಿದಳು. ಕೊಡುಬಳೆ ಎಲ್ಲ ಖಾಲಿಯಾಯಿತು. ಬ್ಯಾಂಕಿನ ನೆರಳು ಕಾರಿನ ಮೇಲಿಂದ ಸರಿದು ಹೋಯಿತು.

ಮುಖಕ್ಕೆ ಬಿಸಿಲು ಬಿದ್ದಾಗ ಅಪ್ಪನಿಗೆ ಎಚ್ಚರವಾಯಿತು. ಗಡಬಡಿಸಿ ಇಳಿದರು. ಟೈರು ಉಬ್ಬಿ ನಿಂತಿತ್ತು. ಅಕ್ಕ ಕಾರಿನ ಗಾಲಿಗೆ ಒರಗಿ ಕಾಲು ಚಾಚಿಕೊಂಡಿದ್ದಳು. ಅಪ್ಪ ಟೈರನ್ನು ಅಮುಕಿ ನೋಡಿ, ಯಾರಾದರೂ ಸಹಾಯ ಮಾಡಿದರೇ ಎಂದು ನನ್ನನ್ನು ಕೇಳಿದರು. ಪಿಕಪ್ ಟ್ರಕ್ಕಿನವರ ವಿಷಯ ಹೇಳಿದೆ. ಅಕ್ಕ ಬೇಡವೆಂದದ್ದನ್ನೂ ಹೇಳಿದೆ. ಆಮೇಲೆ ಅವರು ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡು, ಕಪ್ಪಾಗಿದ್ದ ರಿಬ್ಬನ್ ಬಿಚ್ಚಿ, ನಟ್ಟಿಗೆ ತಾವೇ ಒಮ್ಮೆ ಹಾಕಿ ನೋಡಿದರು. ಜಾರಿತು.

"ನಿನಗೆ ಮೊದಲೇ ಗೊತ್ತಿತ್ತಾ, ಇದು ಕೂರಲ್ಲ ಅಂತ?"

"ಗೊತ್ತಿತ್ತು ಅಪ್ಪ."

"ಮತ್ತೆ ಹೇಳ್ಬಾರ್ದಾ?"

"ನೀವು ಊರಿಂದ ತಂದಿದ್ದು," ಎಂದಳು ಅಕ್ಕ.

ಅಪ್ಪ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ಊರಿನಲ್ಲಿ ತಾವು ಒಂದು ಸಲವೂ ಕೈಯಾರೆ ಪಂಕ್ಚರ್ ಹಾಕಿದ್ದಿಲ್ಲ, ಶಾಪಿನವನೇ ಹಾಕುತ್ತಿದ್ದ ಎಂದು ಅಪ್ಪ ಮೆಲ್ಲಗೆ ಹೇಳಿದರು. ಅಕ್ಕ ನಕ್ಕಳೋ ಆಕಳಿಸಿದಳೋ ತಿಳಿಯಲಿಲ್ಲ.

"ನಾಳೆಯಿಂದ ಹೋಗು," ಎಂದರು ಅಪ್ಪ. "ಚೀಲ ನೀನೇ ತುಂಬಿಸ್ಕೋ. ಅಮ್ಮನೂ ಕೈ ಹಾಕೋದು ಬೇಡ, ನಾನೂ ಹಾಕಲ್ಲ."

ಸೋಮವಾರ ಇನ್ನೂ ಮಬ್ಬಿರುವಾಗ ಅಕ್ಕ ಹೊರಟಳು. ಚೀಲದಲ್ಲಿ ಎರಡು ಬಾಯಿಯ ಪುಟ್ಟ ಸ್ಪ್ಯಾನರ್, ಅಲೆನ್ ಕೀ, ಚಮಚಗಳು. ನಾನು ಕಿಟಕಿಯ ಕಂಬಳಿ ಸರಿಸಿ, ಅವಳ ಸೈಕಲ್ಲಿನ ಕೆಂಪು ದೀಪ ತಿರುವಿನವರೆಗೆ ಹೋಗುವುದನ್ನು ನೋಡಿದೆ.

ಈಗ ನೀವಿಬ್ಬರು ಮೊಮ್ಮಕ್ಕಳೂ ನಮ್ಮ ಹಿಲ್ಸ್‌ಬರೋ ಮನೆಯ ಸೋಫಾದ ಮೇಲೆ ಕೂತು ಫೋನಿನಲ್ಲಿ ಮಲ್ಟಿ-ಟೂಲ್ ಆರಿಸುತ್ತಿದ್ದೀರಿ. ಅಂಗೈಯಷ್ಟು ವಸ್ತುವಿನಿಂದ ಎಷ್ಟೊಂದು ಕೈಕಾಲು ಹೊರಬರುತ್ತವೆ. "ಅಜ್ಜಿ, ದಿಸ್ ಒನ್ ಹ್ಯಾಸ್ ಎವೆರಿಥಿಂಗ್," ಎನ್ನುತ್ತೀರಿ. ನಿಮ್ಮ ಸೈಕಲ್ಲಿಗೆ ಹೊಂದುತ್ತದೆಯೇ ಎಂದು ಕೇಳಿದರೆ ಅದೂ ಫೋನಿನಲ್ಲೇ ಬರೆದಿದೆ. ನಾಳೆಯೇ ಬಾಗಿಲಿಗೆ ಬರುತ್ತದೆ. ಒಳ್ಳೆಯ ವಸ್ತುವೇ ಇರಬೇಕು, ನನಗೇನೂ ತಕರಾರಿಲ್ಲ. ನಿಮ್ಮ ಸೈಕಲ್ಲುಗಳು ಕಾರಿನ ಹಿಂದೆ ಕಟ್ಟಿಸಿಕೊಂಡು ಪಾರ್ಕಿಗೆ ಹೋಗಿ, ಕಾರಿನ ಹಿಂದೆಯೇ ಮನೆಗೆ ಬರುತ್ತವೆ. ಟೈರ್ ಹೋದರೆ ನಿಮ್ಮಮ್ಮ ಬರುತ್ತಾಳೆ, ಅವಳು ಮೀಟಿಂಗಿನಲ್ಲಿದ್ದರೆ ಮಂಡಿ ನೋವಿದ್ದರೂ ನಾನು ಡ್ರೈವ್ ಮಾಡಿಕೊಂಡು ಬರುತ್ತೇನೆ. ನೀವು ಎಲ್ಲಿದ್ದರೂ ಫೋನಿನ ಮ್ಯಾಪಿನಲ್ಲಿ ಚುಕ್ಕೆಯಾಗಿ ಕಾಣುತ್ತಲೇ ಇರುತ್ತೀರಿ. ನಮ್ಮನ್ನು ಹಾಗೆ ಹಿಂಬಾಲಿಸುವಷ್ಟು ಪುರುಸೊತ್ತು, ತ್ರಾಣ, ಎರಡೂ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಕ್ಕ ಆ ತಿರುವು ದಾಟಿದ ಮೇಲೆ ಸಂಜೆಯವರೆಗೆ ಅವಳು ಎಲ್ಲಿದ್ದಾಳೆಂದು ಅಪ್ಪನಿಗೆ ಗೊತ್ತಿರುತ್ತಿರಲಿಲ್ಲ, ಅಮ್ಮನಿಗೆ ಗೊತ್ತಿರುತ್ತಿರಲಿಲ್ಲ, ನನಗೂ ಇಲ್ಲ. ಅವಳಿಗೆ ಮಾತ್ರ ಗೊತ್ತಿರುತ್ತಿತ್ತು.