ಮಾಮಾನ ದನಿಗೆ ಇಟ್ಟ ಹೆಪ್ಪು

ನನ್ನ ಸೋದರಮಾವ ಸವಣೂರಿನಲ್ಲಿ ವೀಳ್ಯದೆಲೆಯ ಲಿಲಾವು ಕೂಗುತ್ತಿದ್ದವನು. ಲಿಲಾವು ಅಂದರೆ ಹರಾಜೇ. ಆದರೆ ನಮ್ಮ ಕಡೆ ಹರಾಜು ಅಂದರೆ ಸರಕಾರದ ನೋಟೀಸು ಬಂದ ಹಾಗೆ ಜನ ಹಿಂದೆ ಸರಿಯುತ್ತಾರೆ, ಲಿಲಾವು ಅಂದರೆ ಮುಂದೆ ಬರುತ್ತಾರೆ. ಮಾಮಾ "ಒಂದನೇ ಸಲ" ಎಂದು ಕೂಗಿದರೆ ಪೇಟೆಯ ಆ ತುದಿಯ ಚಹಾದಂಗಡಿಯಲ್ಲಿ ಕಪ್ಪು ಕೆಳಗಿಡುತ್ತಿದ್ದರು. "ಎರಡನೇ ಸಲ" ಅನ್ನುವಷ್ಟರಲ್ಲಿ ಓಡಿಬಂದು ನಿಂತಿರುತ್ತಿದ್ದರು. ಮೂರನೆಯದಕ್ಕೆ ಅವನು ಯಾರಿಗೂ ಕಾದವನಲ್ಲ. "ಮೂರನೇ ಸಲಕ್ಕ ತಡಾ ಮಾಡಾಂವ ಲಿಲಾವು ಕೂಗಬಾರ್ದು, ಮನ್ಯಾಗ ಕುಂತು ಕೂಸು ತೂಗಬೇಕು" ಎಂದು ಎಲ್ಲರೆದುರಿಗೆ ಹೇಳುತ್ತಿದ್ದ.

ಅಂಥವನ ಗಂಟಲಿಗೇ ರೋಗ ಬಂತು. ಆಪರೇಶನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಪಾಟಿ-ಬಳಪ ಹಿಡಿದು ಪಡಸಾಲೆಯಲ್ಲಿ ಕೂತ. ಅವನು ಬರೆಯುವುದು ನಿಧಾನ, ಅವನ ಹೆಂಡತಿ, ಅಂದರೆ ನಮ್ಮತ್ತಿ, ಓದುವುದು ಇನ್ನೂ ನಿಧಾನ. ಅವರ ಮನೆಯ ಜಗಳಗಳಿಗೆ ರುಚಿಯೇ ಇಲ್ಲದಂತಾಯಿತು. "ನನ್ನ ಬೈಯಾಕೂ ಬರವಲ್ದು ಈ ಮನಶ್ಯಾಗ, ಹೆಂಗ ಬಾಳೇ ಮಾಡ್ಲೆವ್ವಾ" ಎಂದು ಅತ್ತಿ ಫೋನಿನಲ್ಲಿ ಅತ್ತಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಎರಡನ್ನೂ ಮಾಡಿದೆ.

ನಾನು ಅಕ್ಕಿಆಲೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವಳು. ಮಗ್ಗುಲಲ್ಲೇ ರೈಸ್ ಮಿಲ್ಲು. ಅಲ್ಲಿನ ತೌಡು ಹಾರಿಬಂದು ನನ್ನ ಕಂಪ್ಯೂಟರುಗಳ ಹೊಟ್ಟೆ ಸೇರುತ್ತದೆ, ಅದನ್ನು ಊದಿ ತೆಗೆಯುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಯಾರೋ ಬೇಡವೆಂದು ಬಿಟ್ಟುಹೋದ ಒಂದು ಲ್ಯಾಪ್‌ಟಾಪು ಅಂಗಡಿಯಲ್ಲಿತ್ತು. ಅದಕ್ಕೆ ಲಿನಕ್ಸ್ ಹಾಕಿದೆ, ಕನ್ನಡ ಕೀಲಿಮಣೆ ಕೂಡಿಸಿದೆ, ಬರೆದದ್ದನ್ನು ಓದಿ ಹೇಳುವ ತಂತ್ರಾಂಶ ಹಾಕಿದೆ. ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿ ಸವಣೂರಿಗೆ ಹೋದೆ.

ಮಾಮಾ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದ. ಎಂಟರ್ ಕೀಲಿ ಒತ್ತಿದ. ಏರಿಳಿತವಿಲ್ಲದ ಗಂಡು ದನಿಯೊಂದು ಪಡಸಾಲೆಯಲ್ಲಿ ಹೇಳಿತು: "ಏ ಖೋಡಿ, ಚಹಾ ತಾ."

ಅತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಚಹಾ ತರುವಾಗ ಅವಳ ಕಣ್ಣು ಕೆಂಪಗಿತ್ತು, ಆದರೆ ಬಾಯಿ ಹಳೆಯದೇ. "ಬಂತಪಾ ದನಿ. ಬಂದ ಕೂಡ್ಲೆ ಬೈಯಾಕತ್ತ ನೋಡ್ರಿ" ಎಂದಳು. ಅವತ್ತು ನನಗೆ ಆದಷ್ಟು ಖುಷಿ ಯಾವ ರಿಪೇರಿಯಲ್ಲೂ ಆಗಿಲ್ಲ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಂಪ್ಯೂಟರಿನ ಒಳಗೆ ಕರ್ನೆಲ್ ಅಂತ ಒಂದಿರುತ್ತದೆ. ಪರದೆ, ಕೀಲಿಮಣೆ, ಸ್ಪೀಕರು ಎಲ್ಲವೂ ಅದರ ಮಾತು ಕೇಳಿಯೇ ಕೆಲಸ ಮಾಡುವುದು. ಇದಕ್ಕೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಹೊಸದು ಬಂದು ಕೂತರೆ ಹಳೆಯದು ತಾನಾಗಿ ಎದ್ದು ಹೋಗುವುದಿಲ್ಲ, ಪಕ್ಕದಲ್ಲೇ ಇರುತ್ತದೆ. ಹಳೆಯದನ್ನು ಎಷ್ಟು ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆದುಹಾಕಬೇಕು ಎಂದು ನಾವು ಮೊದಲೇ ಬರೆದಿಡಬಹುದು. ಬರೆದಿಡದಿದ್ದರೆ ಅದು ತನಗೆ ತಿಳಿದಂತೆ ಮಾಡುತ್ತದೆ. ಮಾಮಾನ ಲ್ಯಾಪ್‌ಟಾಪು ಹಳೇ ಕಾಲದ್ದು, ಅದರ ಸ್ಪೀಕರಿಗೂ ಹೊಸ ಕರ್ನೆಲ್ಲುಗಳಿಗೂ ಯಾವಾಗ ಕೂಡುತ್ತದೆ ಯಾವಾಗ ಬಿಡುತ್ತದೆ ಎಂದು ಹೇಳುವುದು ಕಷ್ಟ.

ಮಾಮಾನಿಗೋ, ಹೊಸದು ಬಂದಿದೆ ಎಂಬ ಸೂಚನೆ ಕಂಡರೆ ಸಾಕು, ಒತ್ತಲೇಬೇಕು. ಪೇಟೆಗೆ ಹೊಸ ಗಾಡಿ ಬಂದರೆ ಮೊದಲು ಎಲೆ ಮುಟ್ಟಿ ನೋಡುತ್ತಿದ್ದ ಕೈ ಅದು. ಹೀಗೆ ಒತ್ತಿ ಒತ್ತಿ ಕರ್ನೆಲ್ಲುಗಳು ತುಂಬಿ, ಅವುಗಳ ಖೋಲಿಯಲ್ಲಿ ಜಾಗವಿಲ್ಲ ಎಂದು ಲ್ಯಾಪ್‌ಟಾಪು ತಕರಾರು ಶುರುಮಾಡಿತು. ನಾನು ಹೋದಾಗ ಅದೇ ದನಿಯಲ್ಲಿ ನನಗೆ ಹುಕುಮ್ ಆಯಿತು: "ಹಳೇ ಮಾಲು ಎಲ್ಲಾ ಒಗಿ. ಹೊಸಾದಕ್ಕ ಜಾಗಾ ಬೇಕು."

"ಎಲ್ಲಾ ಒಗಿಯೂದಿಲ್ಲ ಮಾಮಾ. ಅತ್ತಿ ಇದ್ದ ಮೊಸರೆಲ್ಲಾ ಉಂಡು, ಗಡಿಗಿ ತೊಳದು, ಆಮ್ಯಾಲೆ ಹೆಪ್ಪು ಎಲ್ಲಿ ಅಂತ ಹುಡುಕ್ತಾಳೇನು? ಹಳೇದು ಒಂದು ಚಮಚ ಇಟ್ಟ ಇಡ್ತಾಳಲ್ಲ."

ಕುಟ್ಟಿದ. "ನಾ ಎಲಿ ವ್ಯಾಪಾರದಾಂವ. ನಿನ್ನಿ ಎಲಿ ಇವತ್ತ ಕಸ."

"ಹಂಗಾರ ನಿನ್ನ ದನಿ ಎಲಿ ಅಲ್ಲ, ಮೊಸರು ಅಂತ ತಿಳ್ಕೊ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ, ಅವನಿಗೆ ಬೆರಳ ತುದಿಯಲ್ಲಿ. ಅರ್ಧ ಮುಂಜಾನೆ ಜಗಳಾಡಿದೆವು. ಕೊನೆಗೆ ನಾನೇ ಕೂತು ಸೆಟ್ಟಿಂಗು ಬರೆದೆ. ದನಿ ಚೆನ್ನಾಗಿ ಬರುತ್ತಿದ್ದ ಒಂದು ಹಳೆಯ ಕರ್ನೆಲ್ಲಿನ ಮೇಲೆ, ಇದನ್ನು ನಾನು ಬೇಕೆಂದೇ ಇಟ್ಟಿದ್ದೇನೆ, ಕಸ ಗುಡಿಸುವಾಗ ಮುಟ್ಟಬೇಡ ಎಂದು ಗುರುತು ಹಾಕಿದೆ. ಅದರ ಜೊತೆ ತೀರ ಹೊಸದು ಒಂದಿರಲಿ, ಉಳಿದದ್ದು ಹೋಗಲಿ ಎಂದು ಮಾಡಿದೆ. ಮಾಮಾ "ಹಠಮಾರಿ" ಎಂದು ಕುಟ್ಟಿ, ನಾನು ಚಪ್ಪಲಿ ಮೆಟ್ಟಿ ಓಣಿಯ ತಿರುವು ದಾಟುವವರೆಗೂ ಅದನ್ನೇ ಒತ್ತುತ್ತಿದ್ದ. ಕಿಟಕಿಯಿಂದ ಹಠಮಾರಿ, ಹಠಮಾರಿ ಎಂದು ಕೇಳಿಸುತ್ತಲೇ ಇತ್ತು.

ಅದಾದ ಮೇಲೆ ಅವನ ಮಗಳಿಗೆ ಹಂಸಭಾವಿಯ ಕಡೆಯ ಸಂಬಂಧ ಕೂಡಿಬಂತು. ಒಬ್ಬಳೇ ಮಗಳು, ಶಿಗ್ಗಾಂವಿಯಲ್ಲಿ ಸಾಲೆ ಕಲಿಸುತ್ತಾಳೆ, ಅಪ್ಪನ ಬಾಯಿಯೇ ಅವಳಿಗೆ ಬಂದಿದೆ. ಹುಡುಗ ಅವಳಿಗೂ ಮನಸ್ಸಿಗೆ ಬಂದವನೇ. ನಿಶ್ಚಯದ ದಿನ ನಮ್ಮಲ್ಲಿ ಹೆಣ್ಣಿನ ಮನೆಯ ಹಿರಿಯ ಎಲ್ಲರೆದುರಿಗೆ "ಕೊಟ್ಟೇವಿ" ಅನ್ನಬೇಕು, ಗಂಡಿನ ಕಡೆಯ ಹಿರಿಯ "ತೊಗೊಂಡೇವಿ" ಅನ್ನಬೇಕು, ಆಮೇಲೆ ವೀಳ್ಯ ಬದಲಾಯಿಸುವುದು. ಆ ಒಂದು ಮಾತನ್ನು ತಾನೇ ಹೇಳಬೇಕು ಎಂದು ಮಾಮಾ ಜೀವ ಹಿಡಿದುಕೊಂಡಿದ್ದ. ಆಪರೇಶನ್ ಆದಾಗ ಪಾಟಿಯ ಮೇಲೆ ಅವನು ಮೊದಲು ಬರೆದದ್ದೇ "ಮಗಳನ್ನ ಕೊಡೂ ಮುಂದ ಯಾರ್ ಮಾತಾಡ್ತಾರ" ಎಂದು. ಅತ್ತಿ ಅದನ್ನು ಇವತ್ತಿಗೂ ಹೇಳಿ ಕಣ್ಣು ಒರೆಸಿಕೊಳ್ಳುತ್ತಾಳೆ.

ಅವನ ಯೋಜನೆ ದೊಡ್ಡದಿತ್ತು. ಲಿಲಾವಿನ ಹಾಗೆ ಮೂರು ಸಲ ಹೇಳುವವನಂತೆ. ಮಗಳು ಹರಿಹಾಯ್ದಳು. "ನಾ ಏನ್ ಎಲಿ ಪೆಂಡಿ ಏನಪಾ? ಮೂರ್ ಸಲಾ ಕೂಗಿದ್ರ ನಾ ಎದ್ದು ಹೋಗ್ತೇನಿ ನೋಡು. ಒಂದ ಸಲ ಹೇಳು."

"ಒಂದ ಸಲ" ಎಂದು ಲ್ಯಾಪ್‌ಟಾಪು ಮಾತು ಕೊಟ್ಟಿತು.

ನಿಶ್ಚಯದ ದಿನ ಮುಂಜಾನೆ ನಾನು ಅಕ್ಕಿಆಲೂರಿನಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಫೋನು ಬಂತು. ಮಾಮಾನ ಮಗಳು. "ಅಕ್ಕಾ, ಅಪ್ಪನ ದನಿ ಮತ್ತ ಹೋಗೇತಿ. ಎಷ್ಟ ಒತ್ತಿದ್ರೂ ಹೊರಗ ಬರವಲ್ದು. ಲಗೂನ ಬಾ."

ಎಣ್ಣೆ ತಲೆಯಲ್ಲೇ ಹೊರಟೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ಶಿಗ್ಗಾಂವಿಯಲ್ಲಿ ಇನ್ನೊಂದು ಹಿಡಿದು, ದಾರಿಯುದ್ದಕ್ಕೂ ಮಾಮಾನನ್ನು ಮನಸ್ಸಿನಲ್ಲೇ ಬೈಯುತ್ತ ಹೋದೆ. ರೇಷ್ಮೆ ಸೀರೆ ಚೀಲದಲ್ಲಿತ್ತು. ಕಂಡಕ್ಟರು "ಎಲ್ಲಿ ಮದವಿರಿ?" ಎಂದು ಕೇಳಿದ. "ಮೊದ್ಲ ಮಾತು ಆಗಬೇಕ್ರಿ, ಆಮ್ಯಾಲೆ ಮದವಿ" ಎಂದೆ.

ಸವಣೂರಿನ ಮನೆಯಲ್ಲಿ ಒಗ್ಗರಣೆಯ ವಾಸನೆ, ಹಾಸಿದ ಜಮಖಾನೆ, ಹೊಸ ಪಟಗಾ ಸುತ್ತಿಕೊಂಡ ಮಾಮಾ. ಮುಖ ಮಾತ್ರ ಆಪರೇಶನ್ ಆದ ವಾರದ್ದು. ನನ್ನನ್ನು ಕಂಡವನೇ ಪಾಟಿ ತಿರುಗಿಸಿದ. ಮೊದಲೇ ಬರೆದಿಟ್ಟುಕೊಂಡಿದ್ದ: "ಹೊಸಾದು ಒತ್ತಿದೆ. ದನಿ ನಿಂತಿತು. ಹಳೇದೆಲ್ಲಾ ತುಂಬಿ ಗಂಟಲ ಕಟ್ಟೇತಿ ಅಂತ ತಿಳದು ಒಗದೆ."

"ಎಲ್ಲಾ ಒಗದ್ಯಾ?"

ತಲೆ ತಗ್ಗಿಸಿದ. ಆಮೇಲೆ ಬರೆದ: "ಬ್ಯಾಡಾದದ್ದು ಒಗಿ ಅಂತ ಅದ ಹೇಳಿತು."

"ಎತ್ತು ಈತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದ್ರಂತ. ಅದು ಹೇಳಿತಂತ, ಇಂವ ಒಗದನಂತ. ನಾ ಗುರುತು ಹಾಕಿದ್ದು? ಅದನ್ನೂ ತಗದ್ಯಾ?"

ಪಾಟಿ ಒರೆಸಿ ಒಂದೇ ಶಬ್ದ ಬರೆದ. "ಗೊತ್ತಿಲ್ಲ."

ನನಗೆ ಬೈಯುವ ಉಮೇದು ಅಲ್ಲೇ ಇಳಿಯಿತು. ಪಾಸ್‌ವರ್ಡು ಅವನಿಗೆ ಗೊತ್ತಿತ್ತು, ಹಠ ಮಾಡಿದರೆ ನನ್ನ ಗುರುತನ್ನೂ ಅಳಿಸಬಲ್ಲ. ಹೋಗಿದ್ದರೆ ಆ ಹಳೆಯ ಆವೃತ್ತಿಯನ್ನು ಎಲ್ಲಿಂದಲೋ ಹುಡುಕಿ ಇಳಿಸಿಕೊಳ್ಳಬೇಕು, ಅಷ್ಟು ಹೊತ್ತು ನಮಗಿರಲಿಲ್ಲ. ಹಂಸಭಾವಿಯವರು ಹೊರಟು ಆಗಿತ್ತು. ಬಾಗಿಲಲ್ಲಿ ನಿಂತಿದ್ದ ಮಾಮಾನ ದಾಯಾದಿ ತಮ್ಮ, ಪಾಪ ಒಳ್ಳೆಯ ಮನುಷ್ಯ, ಸಮಾಧಾನ ಹೇಳಲು ಬಂದ. "ಒಂದ ಮಾತಿಗೆ ಯಾಕ ಇಷ್ಟ ತಲಿ ಕೆಡಸ್ಕೋತಿ ಅಣ್ಣಾ. ನಾ ಹೇಳ್ತೇನಿ ಬಿಡು, ನಿಂದೂ ಅಷ್ಟ ನಂದೂ ಅಷ್ಟ."

ಮಾಮಾ ಪಾಟಿಯ ಮೇಲೆ ಬಳಪ ಮುರಿಯುವಷ್ಟು ಒತ್ತಿ ಬರೆದ. "ನನ್ನ ಮಗಳು. ನನ್ನ ಮಾತು."

ನಾನು ಲ್ಯಾಪ್‌ಟಾಪು ಎತ್ತಿಕೊಂಡು ದೇವರಕೋಣೆಯ ಮುಂದೆ ಕೂತೆ, ಗದ್ದಲ ಕಡಿಮೆ ಇದ್ದದ್ದು ಅಲ್ಲಿ ಮಾತ್ರ. ಅದನ್ನು ಆರಿಸಿ ಮತ್ತೆ ಹಚ್ಚುವಾಗ ಒಂದು ಕೀಲಿಯನ್ನು ಒತ್ತಿ ಹಿಡಿದರೆ, ಯಾವ ಕರ್ನೆಲ್ಲಿನಿಂದ ಶುರುಮಾಡಲಿ ಎಂದು ಅದು ಕೇಳುತ್ತದೆ. ಒತ್ತಿ ಹಿಡಿದೆ. ಮಾಮಾ ನನ್ನ ಹೆಗಲ ಮೇಲಿಂದ ಬಗ್ಗಿದ್ದ, ಅವನ ಗಂಟಲಿನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಪರದೆ ಕಪ್ಪಾಯಿತು, ಬೆಳಗಿತು. ಮೇಲೆ ಹೊಸದರ ಹೆಸರು. ಅದರ ಕೆಳಗೆ, ನಾನು ಗುರುತು ಹಾಕಿದ್ದ ಹಳೆಯದು.

"ಐತಿ" ಎಂದೆ.

ಅದನ್ನೇ ಆಯ್ದು ಒತ್ತಿದೆ. ಲ್ಯಾಪ್‌ಟಾಪು ಎದ್ದು ಕೂಡುವವರೆಗೆ ಅತ್ತಿ ಸೌಟು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಮಾಮಾನ ಕೈಗೆ ಕೊಟ್ಟೆ. ಅವನು ಕುಟ್ಟಿದ. ಯಂತ್ರದ ದನಿ ನಮ್ಮೆಲ್ಲರ ತಲೆಯ ಮೇಲಿಂದ ಹಾದು ಬಾಗಿಲಲ್ಲಿದ್ದ ತಮ್ಮನಿಗೆ ಮುಟ್ಟಿತು: "ಏ ತಮ್ಮಾ, ಖಾಲಿ ನಿಲ್ಲಬ್ಯಾಡ. ಹೋಗಿ ಎಲಿ ತಾ."

ತಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಇನ್ನು ಮುಂದೆ ಯಾವಾಗ ಹಚ್ಚಿದರೂ ಆ ಹಳೆಯದರಿಂದಲೇ ಶುರುವಾಗುವಂತೆ ಸೆಟ್ಟಿಂಗು ಬದಲಿಸಿದೆ. ಹೊಸ ಕರ್ನೆಲ್ಲು ತಾನಾಗಿ ಬರದಂತೆ ತಡೆದೆ. ಪಾಸ್‌ವರ್ಡನ್ನೂ ಬದಲಿಸಿದೆ. ಕೊನೆಯದನ್ನು ಮಾಮಾನಿಗೆ ಹೇಳಲಿಲ್ಲ.

ಹಂಸಭಾವಿಯವರು ಬಂದರು. ಕೈಕಾಲಿಗೆ ನೀರು, ಉಪ್ಪಿಟ್ಟು, ಚಹಾ ಎಲ್ಲ ಆಯಿತು. ಹುಡುಗನ ಅಜ್ಜ ಲ್ಯಾಪ್‌ಟಾಪನ್ನು ಬಹಳ ಹೊತ್ತು ನೋಡಿ, ಯಾರನ್ನು ಕೇಳಬೇಕೆಂದು ತಿಳಿಯದೆ ನನ್ನನ್ನೇ ಕೇಳಿದರು. "ಇದಕ್ಕ ಕನ್ನಡಾ ಬರ್ತೈತೇನ್ರಿ?"

ಉತ್ತರ ಲ್ಯಾಪ್‌ಟಾಪಿನಿಂದಲೇ ಬಂತು. "ಬರ್ತೈತ್ರಿ. ಸವಣೂರ ಕನ್ನಡಾ. ಸರೀಗಿ ಕುಂತ್ಕೋರಿ."

ಅಜ್ಜ ಬೆಚ್ಚಿ ಸರಿಯಾಗಿಯೇ ಕೂತರು. ಜಮಖಾನೆಯ ತುಂಬ ನಗೆ. ಆಮೇಲೆ ಹಿರಿಯರು ಕೆಮ್ಮಿ, ಮಾತು ಆಗಲಿ ಎಂದರು. ಹುಡುಗಿಯನ್ನು ಕರೆತಂದು ಕೂಡಿಸಿದರು. ಮಾಮಾ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕುಟ್ಟಿದ. ನಾನು ಪಕ್ಕದಲ್ಲೇ ಇದ್ದೆ, ಪರದೆ ಕಾಣುತ್ತಿತ್ತು. "ಕೊಟ್ಟೇವಿ." ಅಷ್ಟೇ ಶಬ್ದ, ತಪ್ಪಿಲ್ಲ.

ದನಿ ಬರಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ಬಗ್ಗಿ ನೋಡಿದೆ, ಸ್ಪೀಕರಿನ ಗುರುತು ಸರಿಯಾಗಿತ್ತು, ಎಲ್ಲ ಸರಿಯಾಗಿತ್ತು. ಮಾಮಾ ಎಂಟರ್ ಕೀಲಿಯನ್ನು ಒತ್ತಿರಲೇ ಇಲ್ಲ. ಬೆರಳು ಕೀಲಿಯ ಮೇಲಿತ್ತು, ಕೆಳಗಿಳಿಯುತ್ತಿರಲಿಲ್ಲ. "ಒತ್ತು ಮಾಮಾ" ಎಂದು ಗದರಲು ಬಾಯಿ ತೆರೆದವಳು ಅವನ ಮುಖ ನೋಡಿ ಸುಮ್ಮನಾದೆ. ಸವಣೂರಿನ ಪೇಟೆಯಲ್ಲಿ ಯಾರಿಗೂ ಒಂದು ಗಳಿಗೆ ತಡಮಾಡದವನು ಮಗಳನ್ನು ನೋಡುತ್ತ ಕೂತುಬಿಟ್ಟಿದ್ದ.

ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜ ಮೆಲ್ಲಗೆ "ಕೆಟ್ಟೈತೇನ್ರಿ?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ.

ಆಗ ಹುಡುಗಿಯೇ ಎದ್ದಳು. ಹೊಸ ಸೀರೆ ಎತ್ತಿ ಹಿಡಿದು ಜಮಖಾನೆ ದಾಟಿ ಬಂದು ಅಪ್ಪನ ಮಗ್ಗುಲಿಗೆ ಕೂತು, ಅವನ ಒಂದು ಕೈ ಹಿಡಿದುಕೊಂಡಳು. ಕೀಲಿಯ ಮೇಲಿದ್ದ ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟಳು. ಒತ್ತಿದಳು.

"ಕೊಟ್ಟೇವಿ" ಎಂದಿತು ದನಿ.

"ತೊಗೊಂಡೇವಿ" ಎಂದರು ಅಜ್ಜ, ಎಲ್ಲಿ ಮಾತು ವಾಪಸ್ಸಾಗುತ್ತದೋ ಎಂಬಂತೆ ಲಗುಬಗೆಯಿಂದ. ಅತ್ತಿ ಒಳಗಿನಿಂದ ಸಕ್ಕರೆ ತಟ್ಟೆ ತಂದಳು. ವೀಳ್ಯದ ತಾಟು ಈ ಕಡೆಯಿಂದ ಆ ಕಡೆ ಹೋಯಿತು. ಆ ಗದ್ದಲದಲ್ಲಿ ಮಾಮಾ ಒಂದೇ ಕೈಯಲ್ಲಿ ಮತ್ತೇನೋ ಕುಟ್ಟುತ್ತಿದ್ದ. ನಿಧಾನವಾಗಿ, ಕಣ್ಣು ಹನಿಯುತ್ತಿದ್ದುದರಿಂದ ಅಕ್ಷರ ಹುಡುಕಿ ಹುಡುಕಿ. ಒತ್ತಿದ. ಏರಿಳಿತವಿಲ್ಲದ ಆ ದನಿ ಎಲ್ಲರಿಗೂ ಕೇಳುವಂತೆ ಹೇಳಿತು: "ಖೋಡಿ, ಯಾಕಿಷ್ಟ ಅವಸರ. ಇನ್ನೂ ಎರಡ ಸಲ ಬಾಕಿ ಇತ್ತು."

ಮನೆಗೆ ಮನೆಯೇ ನಕ್ಕಿತು. ಅವಳು ಮಾತ್ರ ನಗಲಿಲ್ಲ, ಅಪ್ಪನ ಇನ್ನೊಂದು ಕೈಯನ್ನು ಬಿಟ್ಟೇ ಇರಲಿಲ್ಲ.